ಗೀಸರ್ ಹಾಕಿದಾಗಲೇ ಟ್ರಿಪ್ ಆಗುತ್ತಾ? ಗೀಸರ್ ಒಂದನ್ನೇ ದೂರಬೇಡಿ

ಹೋದ ಮಳೆಗಾಲದಲ್ಲಿ ಬೆಂಗಳೂರಿನ ಬಸವನಗುಡಿಯ ನಮ್ಮ ಸೋದರಮಾವನ ಮನೆಯಲ್ಲಿ ಎರಡು ವಾರ ಇದ್ದೆ. ಗಾಂಧಿ ಬಜಾರ್ ಹತ್ತಿರ, ಮದ್ರಾಸ್ ತಾರಸಿಯ ಹಳೇ ಮನೆ. ವಾರಕ್ಕೆ ಎರಡು ಮೂರು ಸಲ ಬೆಳಿಗ್ಗೆ ಗೀಸರ್ ಹಾಕಿದ ತಕ್ಷಣ ಟಪ್ ಅಂತ ಇಡೀ ಮನೆ ಕರೆಂಟು ಹೋಗೋದು. ಗೀಸರಿನ ಎಲಿಮೆಂಟ್ ಬದಲಾಯಿಸಿದ್ದೂ ಆಗಿತ್ತು. ಕೊನೆಗೆ ಬಂದ ಎಲೆಕ್ಟ್ರಿಷಿಯನ್, "ಆರ್‌ಸಿಸಿಬಿ ತೆಗೆದು ಡೈರೆಕ್ಟ್ ಕೊಟ್ಬಿಡ್ತೀನಿ" ಅಂದ. ಅತ್ತೆ ಒಪ್ಪಿಯೂ ಬಿಟ್ಟಿದ್ದರು. ನಾನು ಬೇಡ ಅಂದೆ. ಒದ್ದೆ ಕಾಲಲ್ಲಿ ಸ್ವಿಚ್ ಮುಟ್ಟುವವರ ಜೀವ ಉಳಿಸೋದೇ ಅದು.

ಮೊದಲು ಯಾವುದು ಬಿದ್ದಿದೆ ನೋಡಿ. ಎಂಸಿಬಿ ಬಿದ್ದಿದ್ದರೆ ಲೋಡ್ ಜಾಸ್ತಿ ಅಥವಾ ಶಾರ್ಟ್. ಆರ್‌ಸಿಸಿಬಿ ಬಿದ್ದಿದ್ದರೆ ಕರೆಂಟು ಎಲ್ಲೋ ಭೂಮಿಗೆ ಸೋರುತ್ತಿದೆ. ಅದು ಫೇಸ್‌ನಲ್ಲಿ ಹೋದದ್ದು, ನ್ಯೂಟ್ರಲ್‌ನಲ್ಲಿ ವಾಪಸ್ ಬಂದದ್ದು ಎರಡನ್ನೂ ತೂಗಿ ನೋಡುತ್ತೆ. ಮನೆಗಳಲ್ಲಿ ಹಾಕುವ ಸಾಮಾನ್ಯ ಆರ್‌ಸಿಸಿಬಿಯಲ್ಲಿ ವ್ಯತ್ಯಾಸ 30 ಮಿಲಿಆಂಪಿಯರ್ ಆಗುವಷ್ಟರಲ್ಲಿ ಬೀಳಲೇಬೇಕು.

ನಾನು ಮಾಡಿದ ಮೊದಲ ಕೆಲಸ, ಮೊಬೈಲ್ ನೋಟ್ಸ್‌ನಲ್ಲಿ ಬರೆದಿಡೋದು: ಎಷ್ಟು ಗಂಟೆ, ಏನೇನು ಆನ್ ಇತ್ತು, ಮಳೆ ಬಂದಿತ್ತಾ. ನಾಲ್ಕು ಸಲ ಆಗುವಷ್ಟರಲ್ಲಿ ವಿಷಯ ಬಾಯಿಬಿಟ್ಟಿತು. ನಾಲ್ಕೂ ಸಲ ಹಿಂದಿನ ರಾತ್ರಿ ಮಳೆ. ಮೂರು ಸಲ ಗೀಸರ್ ಆನ್ ಇತ್ತು. ಒಂದು ಸಲ ಮಾತ್ರ ಗೀಸರ್ ಆಫ್, ಇಸ್ತ್ರಿ ಪೆಟ್ಟಿಗೆ ಆನ್!

ಇಲ್ಲೇ ಎಲ್ಲರೂ ಎಡವೋದು. ಅನುಮಾನ ಬಂದ ಲೈನಿನ ಎಂಸಿಬಿ ಆಫ್ ಮಾಡಿ, "ಆದ್ರೂ ಬೀಳ್ತಿದೆ, ಅಂದ್ರೆ ಈ ಲೈನ್ ಸರಿ ಇದೆ" ಅಂತೀವಿ. ಆದರೆ ಸಾಮಾನ್ಯ ಸಿಂಗಲ್ ಪೋಲ್ ಎಂಸಿಬಿ ಕಡಿಯೋದು ಫೇಸ್ ಮಾತ್ರ. ನ್ಯೂಟ್ರಲ್ ಹಾಗೇ ಜೋಡಿಸಿಕೊಂಡಿರುತ್ತೆ. ಆ ನ್ಯೂಟ್ರಲ್ ಎಲ್ಲಾದರೂ ಅರ್ಥ್‌ಗೆ ತಾಗಿದ್ದರೆ, ಬೇರೆ ಲೈನಿನ ಕರೆಂಟೂ ಸ್ವಲ್ಪ ಅದೇ ದಾರಿಯಲ್ಲಿ ಭೂಮಿಗೆ ಇಳಿಯುತ್ತೆ. ಚಿಕ್ಕ ಬಲ್ಬ್ ಉರಿದರೆ ಸೋರಿಕೆ ಕಮ್ಮಿ, ಗೊತ್ತೇ ಆಗಲ್ಲ. ಗೀಸರ್‌ನಂಥ ದೊಡ್ಡ ಲೋಡ್ ಬಿದ್ದಾಗ ಸೋರಿಕೆ ಹೆಚ್ಚಿ ಟ್ರಿಪ್. ಕಳ್ಳ ಒಬ್ಬ, ಸಿಕ್ಕಿಬೀಳೋದು ಗೀಸರ್.

ಹುಡುಕಲು ಲೈಸೆನ್ಸ್ ಇರುವ ಬೇರೊಬ್ಬ ಎಲೆಕ್ಟ್ರಿಷಿಯನ್ ಕರೆಸಿದೆವು, ಅದೂ ಮಳೆ ಬಂದ ಮರುದಿನವೇ. ಒಣಗಿದ ಮೇಲೆ ಕರೆದರೆ ಎಲ್ಲಾ ಸರಿ ಇರುತ್ತೆ, ದುಡ್ಡು ದಂಡ. ಅವರು ಮೇನ್ ಆಫ್ ಮಾಡಿ, ಟಿವಿ, ಫ್ರಿಜ್ ಎಲ್ಲದರ ಪ್ಲಗ್ ಕೀಳಿಸಿ, ಬೋರ್ಡಿನಿಂದ ಒಂದೊಂದೇ ಲೈನಿನ ನ್ಯೂಟ್ರಲ್ ಬಿಚ್ಚಿ 500 ವೋಲ್ಟಿನ ಮೆಗ್ಗರ್‌ನಲ್ಲಿ ಅರ್ಥ್‌ಗೆ ಪರೀಕ್ಷಿಸಿದರು. ಕನಿಷ್ಠ 1 ಮೆಗಾಓಮ್ ತೋರಿಸಬೇಕು. ಹಿತ್ತಲ ಲೈನ್ ಸೊನ್ನೆಗೆ ಹತ್ತಿರ ತೋರಿಸಿತು.

ಹಿತ್ತಲ ಬಚ್ಚಲ ಗೋಡೆಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಡಬ್ಬಿ. ಒಳಗೆ ನ್ಯೂಟ್ರಲ್ ಜಾಯಿಂಟಿನ ಟೇಪ್ ಕೊಳೆತು, ನೀರಿಳಿದಾಗ ತಂತಿ ಡಬ್ಬಿಗೆ ತಾಗುತ್ತಿತ್ತು. ಪ್ಲೇಗ್ ಬಂದ ಮೇಲೆ 1898ರಲ್ಲಿ ಶುರುವಾದ ಬಡಾವಣೆ, 1905ರಲ್ಲಿ ಶಿವನಸಮುದ್ರದ ಕರೆಂಟು ಕಂಡ ಊರು. ಇಂಥ ಹಳೇ ಮನೆಗಳಲ್ಲಿ ತಲೆಮಾರಿಗೊಂದು ವೈರಿಂಗ್ ಒಂದರ ಮೇಲೊಂದು ಕೂತಿರುತ್ತೆ. ನಮ್ಮ ತೋಟದ ಮನೆಗಳೇನು ಕಮ್ಮಿಯಾ? ಕೊಟ್ಟಿಗೆ ಬಲ್ಬ್, ಹಿತ್ತಲ ಪಾಯಿಂಟ್, ಇಲಿ ಕಡಿದ ವೈರ್, ಮೊದಲು ಅಲ್ಲೇ ನೋಡಿಸಿ. ಬೋರ್ಡ್ ಬಿಚ್ಚೋದು ಬಲ್ಲವರಿಗೆ ಬಿಡಿ, ನೋಟ್ಸ್ ನೀವು ಬರೆಯಿರಿ. ಆರ್‌ಸಿಸಿಬಿ ಮೇಲಿನ ಟಿ ಗುಂಡಿಯನ್ನು ಆಗಾಗ ಒತ್ತಿ, ಬೀಳುತ್ತಾ ನೋಡಿಕೊಳ್ಳಿ.

ಪ್ಲಾಸ್ಟಿಕ್ ಡಬ್ಬಿ, ಹೊಸ ವೈರ್ ಹಾಕಿದ ಮೇಲೆ ಮಾವನ ಮನೆಯಲ್ಲಿ ಇವತ್ತಿನವರೆಗೆ ಒಂದೂ ಟ್ರಿಪ್ ಆಗಿಲ್ಲ. ಸುಮ್ಮನೆ ಬಿಚ್ಚಿಸಿದ ಹಳೇ ಎಲಿಮೆಂಟ್ ಅಟ್ಟದ ಮೇಲಿದೆ, ಮೆಗ್ಗರ್ ಇಟ್ಟು ನೋಡಿದ್ವಿ, ಚೆನ್ನಾಗೇ ಇದೆ.