ಹಿತ್ತಲ ಸೊಪ್ಪು, ಅವ್ವನ ತಟ್ಟೆ

ಹೋದ ವರ್ಷ ಜನವರಿಯಲ್ಲಿ ನಮ್ಮ ಕಾಲೇಜಿನಲ್ಲಿ ಎನ್‌ಎಸ್‌ಎಸ್‌ನವರು ರಕ್ತದಾನ ಶಿಬಿರ ಇಟ್ಟಿದ್ದರು. ರಕ್ತ ಕೊಟ್ಟವರಿಗೆ ಒಂದು ಪ್ರಮಾಣಪತ್ರ, ಒಂದು ಜ್ಯೂಸ್, ಒಂದು ಬಿಸ್ಕತ್ ಪೊಟ್ಟಣ. ಸಮಾಜಸೇವೆಯ ಆಸೆಯೂ ಇತ್ತು, ಪ್ರಮಾಣಪತ್ರ ರೆಸ್ಯೂಮೆಗೆ ಆಗುತ್ತದೆ ಎಂಬ ಲೆಕ್ಕಾಚಾರವೂ ಇತ್ತು. ಸಾಲಿನಲ್ಲಿ ನಿಂತೆ. ಬೆರಳಿಗೆ ಸೂಜಿ ಚುಚ್ಚಿದ ನರ್ಸ್ ಮೆಷಿನ್ ನೋಡಿ ನಕ್ಕುಬಿಟ್ಟರು. ‘9.8 ಇದೆ ಕಣಮ್ಮ. ನೀನು ಕೊಡೋದಿರಲಿ, ನಿನಗೇ ಯಾರಾದರೂ ಕೊಡಬೇಕು’ ಅಂದರು.

ರಕ್ತ ಕೊಡುವವರಿಗೆ ಹಿಮೊಗ್ಲೋಬಿನ್ ಕನಿಷ್ಠ 12.5 ಇರಬೇಕಂತೆ. ಹೆಣ್ಣುಮಕ್ಕಳಲ್ಲಿ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದೇ ಲೆಕ್ಕ. ಮೂರನೇ ಮಹಡಿಯ ಲ್ಯಾಬ್‌ಗೆ ಹತ್ತುವಾಗ ಏದುಸಿರು ಬರುವುದನ್ನು, ಮಧ್ಯಾಹ್ನದ ಕ್ಲಾಸಿನಲ್ಲಿ ತೂಕಡಿಕೆ ಬರುವುದನ್ನು ನಾನು ಸೋಮಾರಿತನ ಅಂದುಕೊಂಡಿದ್ದೆ. ಹೈಸ್ಕೂಲಿನಲ್ಲಿ ವಾರಕ್ಕೊಂದು ಕೊಡುತ್ತಿದ್ದ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಗಳು ನೆನಪಾದವು. ಅವುಗಳಲ್ಲಿ ಎಷ್ಟೋ ಕಿಟಕಿಯಿಂದಾಚೆಗೆ ಹೋಗಿದ್ದವು. ಎಸೆದವಳು ನಾನೇ.

ಆ ಶನಿವಾರ ಬಸ್ಸು ಹತ್ತಿ ಊರಿಗೆ ಹೋದೆ. ನಮ್ಮದು ಶಿರಾ ತಾಲ್ಲೂಕಿನ ಬರಗೂರು. ಹೆಸರು ಹೇಳಿದ ಕೂಡಲೇ ‘ಬರಗೂರು ರಾಮಚಂದ್ರಪ್ಪನವರ ಊರಾ?’ ಎಂದು ಕೇಳುತ್ತಾರೆ. ಹೌದು, ಅದೇ ಊರು. ಮಳೆ ಕಡಿಮೆ, ಕಡಲೆಕಾಯಿ, ರಾಗಿ ಬೆಳೆಯುವ ನೆಲ. ಆದರೆ ಮನೆ ಹಿಂದೆ ಅಜ್ಜಿ ಬೆಳೆಸಿದ ಹಿತ್ತಲಿಗೆ ಬರಗಾಲ ಬಂದದ್ದನ್ನು ನಾನು ಕಂಡಿಲ್ಲ. ಬಚ್ಚಲ ನೀರು ಹರಿದು ಹೋಗುವ ಕಡೆ ಎರಡು ನುಗ್ಗೆಮರ, ಒಂದು ನಿಂಬೆ, ಒಂದು ಸೀಬೆ, ಪರಂಗಿ, ಕರಿಬೇವು. ಬೇಲಿಗೆ ಹಬ್ಬಿದ ಅವರೆ, ಹೀರೆ. ನುಗ್ಗೆಗೆ ಸಸಿಯನ್ನೂ ಕೊಂಡಿರಲಿಲ್ಲ. ಮುಂಗಾರು ಶುರುವಾದಾಗ ಯಾರದೋ ಮನೆಯಿಂದ ಒಂದು ಕೊಂಬೆ ತಂದು ನೆಟ್ಟಿದ್ದಂತೆ.

ನಾನು ಮಾತ್ರ ಹಾಸ್ಟೆಲ್ ಗೆಳತಿಯರ ಮುಂದೆ ‘ನುಗ್ಗೆಸೊಪ್ಪಾ? ನಮ್ಮನೇಲಿ ಕುರಿಗೆ ಹಾಕ್ತೀವಿ’ ಎಂದು ದೊಡ್ಡಸ್ತಿಕೆ ತೋರಿಸಿದವಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ನನಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಮರುದಿನ ಅವ್ವನ ಜೊತೆ ಸರ್ಕಾರಿ ಆಸ್ಪತ್ರೆಗೆ ಹೋದೆ. ಡಾಕ್ಟರು ಮಾತ್ರೆ ಬರೆದರು. ‘ಸೊಪ್ಪು ತಿಂದರೆ ಸಾಕಾಗಲ್ವಾ ಸಾರ್?’ ಎಂದು ಅವ್ವ ಕೇಳಿದಳು. ‘ಇಷ್ಟು ಇಳಿದ ಮೇಲೆ ಬರೀ ಸೊಪ್ಪಿನಿಂದ ಏರಲ್ಲ. ಮಾತ್ರೆಯೂ ಬೇಕು, ಸೊಪ್ಪೂ ಬೇಕು. ಊಟದ ಜೊತೆ ಟೀ ಕುಡಿಯಬೇಡಿ, ಸೊಪ್ಪಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ’ ಎಂದರು. ಆಮೇಲೆ ಅವ್ವನ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ, ‘ನಿಮ್ಮದೂ ಒಂದು ಸಲ ನೋಡೋಣ ಬನ್ನಿ’ ಅಂದರು.

ಅವ್ವನದು 8.4.

ನನಗಿಂತ ಕಡಿಮೆ! ವಾಪಸ್ ಬರುವಾಗ ಇಬ್ಬರೂ ಮಾತಾಡಲಿಲ್ಲ. ಹಾಸ್ಟೆಲ್ಲಿನ ಟೀ, ಬನ್ನು ತಿಂದು ನಾನು ಹೀಗಾದೆ, ಸರಿ. ದಿನಾ ಸೊಪ್ಪು ಬಿಡಿಸುವ, ಸಾರು ಮಾಡುವ ಅವ್ವನಿಗೇನಾಯಿತು? ಉತ್ತರ ಆ ರಾತ್ರಿ ಊಟದಲ್ಲಿ ಸಿಕ್ಕಿತು. ಅಜ್ಜಿ ಹಿತ್ತಲ ಅವರೆಕಾಯಿ ಬಿಡಿಸಿ, ನೆನೆಸಿ, ಹಿದುಕಿದ್ದಳು. ಘಮಘಮ ಹಿದುಕಿದ ಬೇಳೆ ಸಾರು, ಜೊತೆಗೆ ನುಗ್ಗೆಸೊಪ್ಪಿನ ಪಲ್ಯ. ಅಪ್ಪನಿಗೆ, ತಮ್ಮನಿಗೆ, ಅಜ್ಜಿಗೆ, ನನಗೆ ಬಡಿಸಿದ ಮೇಲೆ ಅವ್ವ ಕೂತಳು. ಪಲ್ಯದ ಬಾಂಡ್ಲಿ ಖಾಲಿ. ಸಾರಿನ ತಳದಲ್ಲಿ ನಾಲ್ಕು ಕಾಳು. ಮುದ್ದೆಗೆ ಉಪ್ಪಿನಕಾಯಿ ಹಾಕಿಕೊಂಡು ಉಂಡಳು. ಇಪ್ಪತ್ತು ವರ್ಷದಿಂದ ಇದೇ ನಡೆಯುತ್ತಿತ್ತು. ನಾನು ಅದನ್ನು ನೋಡಿದ್ದು ಅವತ್ತೇ ಮೊದಲು.

ನಮ್ಮ ಮನೆಯೊಂದೇ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ನಮ್ಮ ಕ್ಲಾಸಿನ ಹುಡುಗಿಯರ ಬೆಂಚನ್ನು ನೋಡಿ ಎಣಿಸಿದರೆ ಭಯವಾಗುತ್ತದೆ.

ನಾನು ಓದುತ್ತಿರುವುದು ಎಲೆಕ್ಟ್ರಾನಿಕ್ಸ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸಿಗ್ನಲ್ ಬರುತ್ತಿದೆ, ರಿಸೀವರ್ ಹಿಡಿಯುತ್ತಿಲ್ಲ. 100 ಗ್ರಾಂ ನುಗ್ಗೆಸೊಪ್ಪಿನಲ್ಲಿ ಇರುವುದು ಸುಮಾರು 4.5 ಮಿಲಿಗ್ರಾಂ ಕಬ್ಬಿಣ. ಐಸಿಎಂಆರ್ ಪ್ರಕಾರ ನಮ್ಮ ವಯಸ್ಸಿನ ಹೆಣ್ಣಿಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ. ಅದರ ಮೇಲೆ ಸೊಪ್ಪು, ಕಾಳಿನಲ್ಲಿರುವ ಕಬ್ಬಿಣದಲ್ಲಿ ಮೈಗೆ ಹತ್ತುವುದು ಸ್ವಲ್ಪವೇ. ಟೀ, ಕಾಫಿ ಅದನ್ನು ಇನ್ನೂ ತಡೆಯುತ್ತವೆ. ‘ಸಿ’ ವಿಟಮಿನ್ ಜೊತೆಗಿದ್ದರೆ ಹೆಚ್ಚು ಹತ್ತುತ್ತದೆ. ಆದರೆ ಬಿಸಿಗೆ ‘ಸಿ’ ವಿಟಮಿನ್ ಹಾಳಾಗುವುದರಿಂದ ನಿಂಬೆಹಣ್ಣನ್ನು ಕುದಿಯುವ ಸಾರಿಗಲ್ಲ, ತಟ್ಟೆಗೆ ಹಿಂಡಬೇಕು. ಇಷ್ಟು ಗೊತ್ತಾದ ಮೇಲೆ ಹಿತ್ತಲು ನನಗೆ ಬೇರೆಯಾಗಿಯೇ ಕಾಣತೊಡಗಿತು. ಕಬ್ಬಿಣ ಕೊಡುವ ಗಿಡವೂ ಅಲ್ಲೇ, ಅದನ್ನು ಮೈಗೆ ಹಿಡಿಸುವ ಮರವೂ ಅಲ್ಲೇ.

ಅಲ್ಲಿಂದಾಚೆಗೆ ರಜೆ ಸಿಕ್ಕಾಗಲೆಲ್ಲ ಅಡುಗೆಮನೆ ನನ್ನದು, ಸಲಹೆ ಅಜ್ಜಿಯದು. ಚಳಿಗಾಲದಲ್ಲಿ ಸೀಬೆ. ಕಿತ್ತಳೆಗಿಂತ ಮೂರ್ನಾಲ್ಕು ಪಟ್ಟು ‘ಸಿ’ ವಿಟಮಿನ್ ಇರುವ ಈ ಹಣ್ಣನ್ನು ನಾವು ಗಿಣಿಗಳಿಗೆ ಬಿಟ್ಟಿದ್ದೆವು. ಈಗ ಕತ್ತರಿಸಿ ಉಪ್ಪು, ಖಾರದಪುಡಿ ಉದುರಿಸಿ ಊಟದ ಜೊತೆಗೇ ಇಡುತ್ತೇವೆ. ಬೇಸಿಗೆ ಬಂದರೆ ಪಾನಕ. ಒಂದು ಚೊಂಬು ನೀರಿಗೆ ಒಂದು ಹಿಡಿ ಬೆಲ್ಲ ಕರಗಿಸಿ, ಸೋಸಿ, ಎರಡು ನಿಂಬೆಹಣ್ಣು ಹಿಂಡಿ, ಏಲಕ್ಕಿ, ಕಾಳುಮೆಣಸು ಜಜ್ಜಿ ಹಾಕಿದರೆ ಆಯಿತು. ಮಧ್ಯಾಹ್ನ ಊಟವಾದ ಮೇಲೆ ಅವ್ವ ಕುಡಿಯುತ್ತಿದ್ದ ಟೀಯ ಜಾಗಕ್ಕೆ ಬಂದದ್ದು ಇದೇ. ರಾಮನವಮಿಗೆ ಪಕ್ಕದ ಮನೆಯವರು ಕೊಟ್ಟ ಬೇಲದ ಹಣ್ಣನ್ನು ಒಡೆದು ಕಿವುಚಿ ಪಾನಕ ಮಾಡಿದೆ. ಅದರ ಒಂದು ಬಾಟಲಿಯನ್ನು ಹಾಸ್ಟೆಲ್ಲಿಗೆ ಒಯ್ದೆ. ತುಮಕೂರು ತಲುಪುವ ಮೊದಲೇ ಬಸ್ಸಿನ ಸೆಕೆಗೆ ಹುಳಿಬಂದು, ಮುಚ್ಚಳ ಟಪ್ಪೆಂದು ಹಾರಿ, ಮುಂದಿನ ಸೀಟಿನ ಅಂಕಲ್ ಅಂಗಿಗೆ ಅಭಿಷೇಕವಾಯಿತು! ಪಾನಕ ಮಾಡಿದ ಹೊತ್ತಿಗೇ ಕುಡಿಯುವಂಥದ್ದು, ಬಾಟಲಿಗೆ ತುಂಬಿಡುವಂಥದ್ದಲ್ಲ ಎಂಬ ಪಾಠವನ್ನು ಹೀಗೆ ಕಲಿತೆ.

ಮಳೆ ಬಿದ್ದ ಮೇಲೆ ಹಿತ್ತಲಲ್ಲಿ ಯಾರೂ ಬಿತ್ತದ ಅಣ್ಣೆ, ಗಣಕೆ, ಹೊನಗೊನ್ನೆ ಸೊಪ್ಪುಗಳು ತಾವಾಗಿ ಏಳುತ್ತವೆ. ಯಾವುದು ತಿನ್ನುವ ಸೊಪ್ಪು, ಯಾವುದು ಬರೀ ಕಳೆ ಎಂದು ಅಜ್ಜಿಯ ಜೊತೆ ಬಗ್ಗಿ ಕಲಿತೆ. ಎಲ್ಲವನ್ನೂ ಬೆರೆಸಿ, ತೊಗರಿಬೇಳೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ ಬೇಯಿಸಿ ಮಸೆದರೆ ಬೆರಕೆ ಸೊಪ್ಪಿನ ಮಸ್ಸೊಪ್ಪು. ಬಿಸಿ ಮುದ್ದೆಯ ಜೊತೆ ಅದರ ರುಚಿ ಹೇಳಿದರೆ ಗೊತ್ತಾಗುವುದಿಲ್ಲ.

ಹಾಸ್ಟೆಲ್ಲಿಗೆ ಬೇರೆ ದಾರಿ ಬೇಕಿತ್ತು. ನುಗ್ಗೆಸೊಪ್ಪನ್ನು ನೆರಳಲ್ಲಿ ಒಣಗಿಸಿ, ಹುರಿಗಡಲೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಸೇರಿಸಿ ಚಟ್ನಿಪುಡಿ ಮಾಡಿಕೊಂಡೆ. ಮೆಸ್ಸಿನ ಅನ್ನಕ್ಕೆ ಎರಡು ಚಮಚ ಪುಡಿ, ಮೇಲೆ ಅರ್ಧ ನಿಂಬೆ. ಕುರಿ ಮೇವು ಅಂದಿದ್ದ ಗೆಳತಿಯರೇ ಡಬ್ಬಿಯನ್ನು ವಾರದೊಳಗೆ ಖಾಲಿ ಮಾಡಿದರು.

ಇಷ್ಟೆಲ್ಲ ಅಡುಗೆ ಕಲಿತದ್ದಕ್ಕಿಂತ ಕಷ್ಟವಾದದ್ದು ಒಂದೇ ಕೆಲಸ: ಅವ್ವನನ್ನು ನಮ್ಮ ಜೊತೆಗೇ ಕೂರಿಸುವುದು. ‘ನೀವು ಉಣ್ಣಿ, ಆಮೇಲೆ ಉಣ್ತೀನಿ’ ಎಂಬ ಮಾತು ಅವಳ ಬಾಯಿಂದ ಬಿಡಲೇ ಇಲ್ಲ. ಜಗಳವೂ ಆಯಿತು. ಕೊನೆಗೆ ಅಜ್ಜಿಯೇ ದಾರಿ ಹುಡುಕಿದಳು. ಪಲ್ಯ ಒಲೆಯಿಂದ ಇಳಿದ ಕೂಡಲೇ ಮೊದಲು ಅವ್ವನ ತಟ್ಟೆಗೆ ಹಾಕಿ ಮುಚ್ಚಿಡುವುದು, ಆಮೇಲೆ ಉಳಿದವರಿಗೆ. ‘ನಿನ್ನ ಸೊಸೆಗೇ ಮೊದಲಾ?’ ಎಂದು ಅಪ್ಪ ರೇಗಿಸಿದರು. ‘ಹೂಂ ಕಣೋ, ನನ್ನತ್ತೆ ಹಿಂಗೆ ಮಾಡಿದ್ರೆ ನಾನೂ ಇನ್ನೊಂದಷ್ಟು ಗಟ್ಟಿಯಾಗಿರ್ತಿದ್ದೆ’ ಅಂದಳು ಅಜ್ಜಿ. ಅಪ್ಪ ಮತ್ತೆ ಮಾತಾಡಲಿಲ್ಲ. ಈಗ ಮುದ್ದೆ ತೊಳೆಸುವ ದಿನ ತಮ್ಮನೂ ಕೋಲು ಹಿಡಿಯುತ್ತಾನೆ.

ಮೊನ್ನೆ ಅವ್ವನದು 11.4 ಬಂದಿದೆ. ಮಾತ್ರೆ ನಡೆಯುತ್ತಲೇ ಇದೆ, ಮುಚ್ಚಿಟ್ಟ ತಟ್ಟೆಯೂ.

ಈ ಜನವರಿಯಲ್ಲೂ ಕಾಲೇಜಿನಲ್ಲಿ ಶಿಬಿರ ಇತ್ತು. ನನ್ನದು 12.2. ‘ಇನ್ನು 0.3 ಕಣಮ್ಮ, ಮುಂದಿನ ಸಲ ಬಾ’ ಎಂದು ಮತ್ತೆ ವಾಪಸ್ ಕಳಿಸಿದರು. ಪ್ರಮಾಣಪತ್ರ ಸಿಗಲಿಲ್ಲ. ಆದರೆ ಲ್ಯಾಬ್‌ನ ಮೂರನೇ ಮಹಡಿಗೆ ನಿಲ್ಲದೆ ಹತ್ತಿಹೋದೆ. ಸಂಜೆ ಅವ್ವನಿಗೆ ಫೋನ್ ಮಾಡಿ ಮೊದಲು ಕೇಳಿದ್ದು ಒಂದೇ: ‘ಇವತ್ತು ಏನು ಸೊಪ್ಪು? ನೀನು ಉಂಡೆಯಾ?’