ಕಣದ ಕಾವಲಿಗೊಂದು ಕ್ಯಾನ್ವಾಸು ಡೇರೆ

ಕೊಯ್ಲು ಶುರುವಾಯಿತೆಂದರೆ ಬೆಳೆಗಾರರ ಮನಸ್ಸೆಲ್ಲ ಕಣದ ಮೇಲೆಯೇ. ಪಾರ್ಚ್‌ಮೆಂಟ್ ಕಾಫಿ ಒಣಗಲು ವಾರ ಹತ್ತು ದಿನ, ಚೆರ್ರಿಗೆ ಎರಡು ವಾರ ಬೇಕು. ಚಾಲಿ ಅಡಿಕೆಯಾದರೆ ತಿಂಗಳಿಗೂ ಮೇಲೆ ಅಂಗಳದಲ್ಲಿರುತ್ತದೆ. ಅಷ್ಟು ದಿನವೂ ರಾತ್ರಿ ಯಾರಾದರೊಬ್ಬರು ಅಲ್ಲಿ ಮಲಗಲೇಬೇಕು. ಕಳ್ಳರ ಭಯ ಒಂದು ಕಡೆ, ಅಕಾಲದ ಮಳೆಯ ಭಯ ಇನ್ನೊಂದು ಕಡೆ. ಹೀಗೆ ಮಲಗುವವರ ತಲೆಯ ಮೇಲೆ ನಾವು ಕಟ್ಟುವ ಸೂರು ಯಾವುದು? ನಾಲ್ಕು ಕೋಲು ನೆಟ್ಟು ಎಳೆದ ಒಂದು ಪ್ಲಾಸ್ಟಿಕ್ ಹಾಳೆ, ಅಷ್ಟೆ.

ಮೂರು ವರ್ಷದ ಹಿಂದೆ ಜನವರಿಯ ಒಂದು ರಾತ್ರಿ ಹನಿ ಮಳೆ ಬಿತ್ತು. ನಮ್ಮ ಕಣದ ಕಾವಲಿನವನು ಕಾಫಿಗೆಲ್ಲ ಹೊದಿಕೆ ಮುಚ್ಚಿ, ತನ್ನ ಪ್ಲಾಸ್ಟಿಕ್ ಗುಡಾರದ ನಾಲ್ಕೂ ಕಡೆ ಇಳಿಬಿಟ್ಟು, ಚಳಿಗೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಒಳಗೆ ಇಟ್ಟುಕೊಂಡು ಮಲಗಿದ. ಬೆಳಿಗ್ಗೆ ನಾವು ಹೋಗಿ ಕೂಗಿದರೆ ಉತ್ತರವಿಲ್ಲ. ಪರದೆ ಎತ್ತಿದಾಗ, "ತಲೆ ಸಿಡೀತಾ ಇದೆ ಅಯ್ಯಾ, ಕಾಲು ನಿಲ್ತಾ ಇಲ್ಲ" ಎಂದ. ಎರಡು ಹೆಜ್ಜೆ ಇಡುವಷ್ಟರಲ್ಲಿ ಕುಸಿದು ವಾಂತಿ ಮಾಡಿಕೊಂಡ. ಆಸ್ಪತ್ರೆಗೆ ಒಯ್ದು ಆಮ್ಲಜನಕ ಕೊಡಿಸಿದ ಮೇಲೆ ಚೇತರಿಸಿಕೊಂಡ. ಇನ್ನಷ್ಟು ಹೊತ್ತಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ವೈದ್ಯರು. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರಿಗೆ ಅದು ತಿಳಿಯುವುದೇ ಇಲ್ಲ.

ಕಾಫಿಗೆಂದು ಮೂರು ಹೊಸ ಹೊದಿಕೆ ಕೊಂಡಿದ್ದೆವು. ಕಾಯುವವನಿಗೆ ಒಂದನ್ನೂ ಕೊಂಡಿರಲಿಲ್ಲ. ಆ ನಾಚಿಕೆಯಿಂದಲೇ ಆ ಮಳೆಗಾಲದಲ್ಲಿ ಒಂದು ಡೇರೆ ಹೊಲಿಯಲು ಕುಳಿತೆವು. ಅಲ್ಲಿಂದೀಚೆಗೆ ಎರಡು ಕೊಯ್ಲು ಅದರಲ್ಲೇ ಕಾವಲು ನಡೆದಿದೆ. ರಜೆಯಲ್ಲಿ ಮಕ್ಕಳು ಹೊಳೆಯ ಬದಿಯ ಗದ್ದೆಬಯಲಿನಲ್ಲಿ ಬಿಡಾರ ಹೂಡುವುದಕ್ಕೂ ಅದೇ ಆಗಿದೆ. ಅದರ ಅಳತೆ, ವಿಧಾನ, ನಾವು ಮಾಡಿದ ತಪ್ಪು ಎಲ್ಲವನ್ನೂ ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ಕ್ಯಾನ್ವಾಸೇ ಏಕೆ?

ಟೂರಿಂಗ್ ಟಾಕೀಸನ್ನೂ ನಾಟಕ ಕಂಪನಿಗಳನ್ನೂ ಕಂಡ ಹಿರಿಯರಿಗೆ ಈ ಬಟ್ಟೆಯ ಪರಿಚಯ ಹೇಳಬೇಕಾಗಿಲ್ಲ. ದಪ್ಪ ಹತ್ತಿ ನೂಲನ್ನು ಹಾಸುಹೊಕ್ಕಾಗಿ ಒತ್ತಿ ನೇಯ್ದದ್ದು ಕ್ಯಾನ್ವಾಸು. ಒಣಗಿರುವಾಗ ಅದರ ಸಣ್ಣ ಸಂದುಗಳಲ್ಲಿ ಒಳಗಿನ ಬೆವರು, ಉಸಿರಿನ ತೇವ ಹೊರಗೆ ಹೋಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಅದೇ ತೇವ ಹನಿಗಟ್ಟಿ ಬೆಳಗಿನ ಜಾವ ಕಂಬಳಿಯ ಮೇಲೆ ತೊಟ್ಟಿಕ್ಕುತ್ತದೆ. ಮಳೆ ಬಿದ್ದಾಗ ಹತ್ತಿಯ ನಾರು ನೀರು ಕುಡಿದು ಉಬ್ಬಿ ಸಂದುಗಳನ್ನು ತಾನೇ ಮುಚ್ಚುತ್ತದೆ, ನೀರು ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಮಳೆ ಬರುವಾಗ ಒಳಗಿನಿಂದ ಬಟ್ಟೆಗೆ ಬೆರಳನ್ನಾಗಲಿ ತಲೆಯನ್ನಾಗಲಿ ತಾಗಿಸಬಾರದು. ತಾಗಿದಲ್ಲಿ ನೀರು ಒಳಕ್ಕೆ ಜಿನುಗಲು ಶುರುವಾಗುತ್ತದೆ.

ಬೇಕಾಗುವ ಸಾಮಾನು

ಚದರ ಮೀಟರಿಗೆ 350ರಿಂದ 400 ಗ್ರಾಂ ತೂಗುವ, 36 ಇಂಚು ಅಗಲದ ಹತ್ತಿ ಕ್ಯಾನ್ವಾಸು 20 ಗಜ, ದಪ್ಪ ಹತ್ತಿ ದಾರ, ದಬ್ಬಳ, ಹಿತ್ತಾಳೆಯ ಐಲೆಟ್ಟುಗಳು, ಹತ್ತಿ ಹಗ್ಗ. ಉಳಿದದ್ದು ತೋಟದಲ್ಲೇ ಇದೆ. ನೆತ್ತಿಗೆ ಎಂಟೂವರೆ ಅಡಿಯ ಬಲಿತ ಬಿದಿರು, ಎರಡು ಕಂಬ, ಗೂಟಕ್ಕೆ ಹಳೆಯ ಕಾಫಿ ಗಿಡದ ಕಾಂಡ. ಕಾಫಿಯ ಮರ ಗಟ್ಟಿ, ಸುತ್ತಿಗೆ ಪೆಟ್ಟಿಗೆ ಬೇಗ ಸೀಳುವುದಿಲ್ಲ. ಡೇರೆ ಪೂರ್ತಿಯಾದಾಗ ಬಟ್ಟೆಯೊಂದೇ ಆರೇಳು ಕಿಲೊ ತೂಗುತ್ತದೆ.

ಅಳತೆ ಮತ್ತು ಕತ್ತರಿಸುವಿಕೆ

ಹೊಸ ಬಟ್ಟೆ ನೆನೆದರೆ ಕುಗ್ಗುತ್ತದೆ. ಆದ್ದರಿಂದ ಮೊದಲು ಇಡೀ ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಹಿಂಡದೆ ಬಿಸಿಲಿಗೆ ಹಾಕಿ ಒಣಗಿಸಿ. ಕತ್ತರಿ ಹಿಡಿಯುವುದು ಆಮೇಲೆ. ಕುಗ್ಗಿದ ನಂತರ ಸುಮಾರು 35 ಇಂಚು ಅಗಲ ಉಳಿಯುತ್ತದೆಂದು ಇಟ್ಟುಕೊಂಡು ಮುಂದಿನ ಲೆಕ್ಕ ಹೇಳಿದ್ದೇವೆ.

ಡೇರೆಯ ಮುಖ ಮೂರೂ ಬದಿ 6 ಅಡಿಯ ತ್ರಿಕೋನ. ನೆಲದಲ್ಲಿ 6 ಅಡಿ ಅಗಲ, ಎರಡು ಇಳಿಜಾರು 6 ಅಡಿ. ಆಗ ನೆತ್ತಿಯ ಎತ್ತರ ತಾನಾಗಿಯೇ 5 ಅಡಿ 2 ಇಂಚು ಬರುತ್ತದೆ. ಉದ್ದ 8 ಅಡಿ. ಇಬ್ಬರು ಕಾಲು ಚಾಚಿ ಮಲಗಬಹುದು.

ಮಾಡಿಗೆ ಹನ್ನೆರಡೂವರೆ ಅಡಿಯ ಮೂರು ಪಟ್ಟಿ ಕತ್ತರಿಸಿ. ಪ್ರತಿ ಪಟ್ಟಿಯೂ ಒಂದು ಬದಿಯ ನೆಲದಿಂದ ನೆತ್ತಿಯನ್ನು ದಾಟಿ ಇನ್ನೊಂದು ಬದಿಯ ನೆಲದವರೆಗೆ ಇಳಿಯಬೇಕು. ಹೀಗಾದರೆ ಜೋಡಿಸಿದ ಹೊಲಿಗೆಗಳು ನೀರು ಹರಿಯುವ ದಿಕ್ಕಿನಲ್ಲೇ ಇರುತ್ತವೆ. ಅಡ್ಡ ಹೊಲಿಗೆಯಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ಒಳಗೆ ಬರುತ್ತದೆ.

ಮುಂದಿನ ಹಾಗೂ ಹಿಂದಿನ ಗೋಡೆಗಳಿಗೆ ಏಳೂವರೆ ಅಡಿಯ ಎರಡು ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ ಒಂದೇ ಹಾಸು ಮಾಡಿಕೊಳ್ಳಿ. ಇದರ ನಡುವೆ, ಸುತ್ತ ಮಡಿಕೆಗೆ ಬೇಕಾದಷ್ಟು ಬಿಟ್ಟು, 6 ಅಡಿಯ ತ್ರಿಕೋನ ಬರೆದು ಕತ್ತರಿಸಿ. ಅದು ಹಿಂದಿನ ಗೋಡೆ. ಎಡಬಲಕ್ಕೆ ಉಳಿಯುವ ಎರಡು ತುಂಡುಗಳು ವ್ಯರ್ಥವಲ್ಲ, ತಿರುಗಿಸಿ ಇಟ್ಟರೆ ಅವೇ ಬಾಗಿಲಿನ ಎರಡು ರೆಕ್ಕೆ. ಹಾಸಿನ ಎರಡೂ ತುದಿಗೆ ಅರ್ಧರ್ಧ ಅಡಿ ಹೆಚ್ಚು ಬಿಟ್ಟಿರುವುದರಿಂದ ಬಾಗಿಲು ಒಂದರ ಮೇಲೊಂದು ಬಂದು ಗಾಳಿ ನುಗ್ಗದಂತೆ ಮುಚ್ಚಿಕೊಳ್ಳುತ್ತದೆ. ಹಿಂದಿನ ಗೋಡೆಯ ತುದಿಯಲ್ಲಿ ಅಂಗೈಯಗಲ ಕತ್ತರಿಸಿ ಸೊಳ್ಳೆಪರದೆಯ ತುಂಡು ಹೊಲಿಯಿರಿ. ಮುಂದೆಯೂ ಬಾಗಿಲಿನ ಮೇಲ್ತುದಿಯಲ್ಲಿ ಅಷ್ಟೇ ತೆರವಿರಲಿ. ಉಸಿರಾಟಕ್ಕೆ ಬೇಕಾದ ಈ ಕಿಂಡಿಗಳನ್ನು ಯಾವ ಚಳಿಗೂ ಮುಚ್ಚಬಾರದು.

ಹೊಲಿಗೆ

ಎರಡು ಅಂಚುಗಳನ್ನೂ ಮುಕ್ಕಾಲು ಇಂಚು ಮಡಿಸಿ, ಬೆರಳಿಗೆ ಬೆರಳು ಕೊಕ್ಕೆ ಹಾಕಿದಂತೆ ಒಂದರೊಳಗೊಂದು ಸಿಕ್ಕಿಸಿ, ಮೇಲೆ ಎರಡು ಸಾಲು ಹೊಲಿಗೆ ಹಾಕಬೇಕು. ಬಟ್ಟೆಯ ಕಚ್ಚಾ ಅಂಚು ಎಲ್ಲಿಯೂ ಹೊರಗೆ ಕಾಣಬಾರದು. ಒಂದೊಂದು ಜೋಡಣೆಗೂ ಎರಡೂಕಾಲು ಇಂಚು ಬಟ್ಟೆ ಹೋಗುತ್ತದೆ, ಮೇಲಿನ ಅಳತೆಯಲ್ಲಿ ಇದನ್ನು ಲೆಕ್ಕ ಹಿಡಿದಿದ್ದೇವೆ. ಮನೆಯ ಹೊಲಿಗೆ ಯಂತ್ರ ನಾಲ್ಕು ಪದರ ಕ್ಯಾನ್ವಾಸಿಗೆ ಸೋಲುತ್ತದೆ. ಪೇಟೆಯಲ್ಲಿ ಲಾರಿಯ ಟಾರ್ಪಾಲು, ಬಸ್ಸಿನ ಸೀಟು ಹೊಲಿಯುವವರಲ್ಲಿ ಉದ್ದನೆಯ ಹೊಲಿಗೆಗಳನ್ನು ಹಾಕಿಸಿ, ಮೂಲೆ, ಕುಣಿಕೆಗಳನ್ನು ದಬ್ಬಳದಿಂದ ಕೈಯಲ್ಲೇ ಹೊಲಿಯುವುದು ಮೇಲು.

ಇಲ್ಲಿಯೇ ನಾವು ತಪ್ಪಿದ್ದು. ಗಟ್ಟಿಯಾಗಿರಲೆಂದು ನೈಲಾನ್ ದಾರ ಒಯ್ದು ಕೊಟ್ಟೆವು. "ಇದು ನೀರು ಕುಡಿಯಲ್ಲ, ತೂತು ತೂತಾಗೇ ಉಳಿಯುತ್ತೆ ಸ್ವಾಮಿ" ಎಂದರು ಹೊಲಿಯುವವರು. ನಾವು ಕೇಳಲಿಲ್ಲ. ಮೊದಲ ಮಳೆಗೇ ಎರಡು ಹೊಲಿಗೆಗಳ ಉದ್ದಕ್ಕೂ ಹನಿ ಇಳಿಯಿತು. ಹತ್ತಿ ದಾರವಾದರೆ ಬಟ್ಟೆಯಂತೆ ತಾನೂ ಉಬ್ಬಿ ಸೂಜಿಯ ತೂತನ್ನು ತುಂಬುತ್ತದೆ. ಕೊನೆಗೆ ಜೇನುಮೇಣ ಬಿಸಿ ಮಾಡಿ ಹೊಲಿಗೆಗಳಿಗೆ ಉಜ್ಜಿ ಪಾರಾದೆವು. ಕೈಹೊಲಿಗೆಯ ದಾರವನ್ನು ಮೊದಲೇ ಜೇನುಮೇಣದಲ್ಲಿ ಎಳೆದುಕೊಂಡರೆ ಇನ್ನೂ ಒಳ್ಳೆಯದು.

ನೆತ್ತಿಯ ಉದ್ದಕ್ಕೂ ಒಳಬದಿಗೆ 8 ಇಂಚು ಅಗಲದ ಒತ್ತುಪಟ್ಟಿ ಹೊಲಿಯಿರಿ, ಬಿದಿರು ಉಜ್ಜುವುದು ಅಲ್ಲಿಯೇ. ಮಾಡಿನ ಕೆಳ ಅಂಚನ್ನು ಅಗಲವಾಗಿ ಮಡಿಸಿ, 2 ಅಡಿಗೊಂದರಂತೆ ಪ್ರತಿ ಬದಿಗೆ ಐದು ಐಲೆಟ್ಟು ಹಾಕಿ ಹಗ್ಗದ ಕುಣಿಕೆ ಕಟ್ಟಿ. ಐಲೆಟ್ಟು ಕೂರುವ ಕಡೆಯೆಲ್ಲ ಇನ್ನೊಂದು ತುಂಡು ಬಟ್ಟೆ ಕೊಟ್ಟಿರಬೇಕು. ಬರೀ ಬಟ್ಟೆಗೆ ಹಾಕಿದರೆ ಒಂದು ಗಾಳಿಗೆ ಕಿತ್ತು ಬರುತ್ತದೆ.

ಹದ ಮಾಡುವುದು

ಹೊಲಿದ ಡೇರೆಯನ್ನು ಕಟ್ಟಿ, ಮೇಲೆ ಕೆಳಗೆ ಚೆನ್ನಾಗಿ ನೀರು ಹೊಯ್ದು ಒಣಗಲು ಬಿಡಿ. ಹೀಗೆ ಎರಡು ಮೂರು ಸಲ ಮಾಡಿದರೆ ನೇಯ್ಗೆಯೂ ಹೊಲಿಗೆಯೂ ಬಿಗಿಯುತ್ತವೆ. ಇನ್ನೂ ಭದ್ರ ಬೇಕೆನ್ನುವವರಿಗೆ ಹಳೆಯ ಕ್ರಮವೊಂದಿದೆ. 20 ಲೀಟರ್ ಬಿಸಿನೀರಿಗೆ ಒಂದು ಕಿಲೊ ಬಾರ್ ಸೋಪು ತುರಿದು ಕರಗಿಸಿ ಬಟ್ಟೆ ನೆನೆಸಿ, ಸೋರಿಸಿ, ಆಮೇಲೆ ಅಷ್ಟೇ ನೀರಿಗೆ ಅಷ್ಟೇ ಪಟಿಕ ಕರಗಿಸಿ ಅದರಲ್ಲಿ ನೆನೆಸಿ ಒಣಗಿಸುವುದು. ಸೋಪು, ಪಟಿಕ ಕೂಡಿ ನೀರಿಗೆ ಕರಗದ ಜಿಡ್ಡು ನಾರಿನಲ್ಲಿ ಕೂರುತ್ತದೆ. ಡಿಟರ್ಜೆಂಟ್ ಪುಡಿಯಿಂದ ಇದು ಆಗುವುದಿಲ್ಲ.

ಅಡಿಕೆ ಬೆಳೆಗಾರರು ಒಂದು ಮಾತು ಕೇಳಬಹುದು: ಕೊಳೆಯನ್ನು ತಡೆಯುವ ಮೈಲುತುತ್ತ ಬಟ್ಟೆಯ ಬೂಷ್ಟನ್ನು ತಡೆಯದೇ? ತಾಮ್ರದ ಸಂಯುಕ್ತಗಳಿಂದ ಕ್ಯಾನ್ವಾಸನ್ನು ಕೊಳೆಯದಂತೆ ಮಾಡುವ ಕ್ರಮ ಕಾರ್ಖಾನೆಗಳಲ್ಲಿ ಉಂಟು. ಹಾಗೆಂದು ಮಿಕ್ಕ ಬೋರ್ಡೋ ದ್ರಾವಣವನ್ನು ಡೇರೆಗೆ ಹೊಡೆಯಬೇಡಿ. ಅದು ಒಣಗಿ ಪುಡಿಯಾಗಿ ಉದುರುತ್ತದೆ, ಒಳಗೆ ಮಲಗಿದವರ ಮೂಗಿಗೆ ಹೋಗುತ್ತದೆ.

ಕಟ್ಟುವಾಗ

ನೀರು ನಿಲ್ಲದ ಎತ್ತರದ ಜಾಗ ಆರಿಸಿ, ಸುತ್ತ ಗೇಣು ಆಳದ ಕಾಲುವೆ ತೆಗೆಯಿರಿ. ಅಡಿಕೆ ಮರದ ಕೆಳಗೆ, ಒಣಕೊಂಬೆಯಿರುವ ಮರದ ಕೆಳಗೆ ಬೇಡ. ಒಂದು ಸೋಗೆ ಬಿದ್ದರೂ ಬಟ್ಟೆ ಹರಿದೀತು. ಎರಡು ಕಂಬಗಳ ಕವಲಿನ ಮೇಲೆ ನೆತ್ತಿಯ ಬಿದಿರು ಕೂರಿಸಿ, ಹಿಂದಕ್ಕೂ ಮುಂದಕ್ಕೂ ಒಂದೊಂದು ಹಗ್ಗವನ್ನು ದೂರದ ಗೂಟಕ್ಕೆ ಬಿಗಿಯಿರಿ. ಗೂಟಗಳು ಡೇರೆಯಿಂದ ಹೊರಕ್ಕೆ ವಾಲಿರಬೇಕು. ನೆಲಕ್ಕೆ ಅಡಿಕೆ ದಬ್ಬೆಯ ತಟ್ಟಿ ಹಾಕಿ ಮೇಲೆ ಚಾಪೆ ಹಾಸಿದರೆ ನೆಲದ ಥಂಡಿ ತಾಗದು. ಹತ್ತಿ ಹಗ್ಗ ನೆನೆದರೆ ಗಿಡ್ಡವಾಗಿ ಗೂಟ ಕೀಳುತ್ತದೆ. ಮಳೆಯ ಸೂಚನೆ ಕಂಡರೆ ಹಗ್ಗವನ್ನು ಸ್ವಲ್ಪ ಸಡಿಲ ಮಾಡಿ ಮಲಗಬೇಕು.

ಎರಡು ಎಚ್ಚರಿಕೆಗಳನ್ನು ಒತ್ತಿ ಹೇಳಬೇಕಾಗಿದೆ. ಕ್ಯಾನ್ವಾಸು ಗಾಳಿಯಾಡುವ ಬಟ್ಟೆ, ಇದರೊಳಗೆ ಕೆಂಡ ಇಟ್ಟರೆ ತೊಂದರೆಯಿಲ್ಲ ಎಂದು ಯಾರೂ ಭಾವಿಸಬಾರದು. ನೆನೆದ ಕ್ಯಾನ್ವಾಸಿನ ಸಂದುಗಳು ಮುಚ್ಚಿರುತ್ತವೆ ಎಂದು ಮೇಲೆಯೇ ಹೇಳಿದ್ದೇವೆ. ಮಳೆಯ ರಾತ್ರಿ ಅದೂ ಪ್ಲಾಸ್ಟಿಕ್ಕಿನಷ್ಟೇ ಅಪಾಯ. ಬೆಂಕಿ ಡೇರೆಯಿಂದ ದೂರ ಹೊರಗಿರಲಿ, ಒಳಗೆ ಇನ್ನೊಂದು ಕಂಬಳಿ, ಬ್ಯಾಟರಿ ದೀಪ ಇರಲಿ. ಎರಡನೆಯದಾಗಿ, ಆನೆ ಓಡಾಡುವ ಕಡೆ ಯಾವ ಡೇರೆಯೂ ಸಲ್ಲದು. ಅಂಥಲ್ಲಿ ಕಾವಲಿನವರಿಗೆ ಗಟ್ಟಿ ಕಟ್ಟಡದಲ್ಲೇ ಮಲಗಲು ಜಾಗ ಮಾಡಿಕೊಡಬೇಕು.

ಕಾಪಾಡುವುದು

ಒದ್ದೆ ಡೇರೆಯನ್ನು ಮಡಿಸಿಟ್ಟರೆ ನಮ್ಮ ಮಲೆನಾಡಿನ ಹವೆಯಲ್ಲಿ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಹತ್ತಿ ಬೆರಳಿಗೆ ಹರಿಯುತ್ತದೆ. ಕೊಯ್ಲು ಮುಗಿದ ಮೇಲೆ ಎರಡು ಬಿಸಿಲು ಕಾಣಿಸಿ, ಹಕ್ಕೆ, ಮಣ್ಣು ಕೊಡವಿ, ಅಟ್ಟದಲ್ಲಿ ಇಲಿ ತಾಗದಂತೆ ತೂಗುಹಾಕಿ. ಒಣಗಿದ್ದರೆ ಹತ್ತಿ ಬಟ್ಟೆ ಎಷ್ಟು ಬಾಳುತ್ತದೆಂಬುದಕ್ಕೆ ನಮ್ಮ ನಾಡಿನದೇ ಸಾಕ್ಷಿ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಸಾಗರ ದಾಟಿದ ಟಿಪ್ಪು ಸುಲ್ತಾನನ ಹೂಚಿತ್ತಾರದ ಹತ್ತಿ ಡೇರೆ ಇಂದಿಗೂ ವೇಲ್ಸ್ ದೇಶದ ಪೋವಿಸ್ ಕೋಟೆಯಲ್ಲಿದೆ. ನಮ್ಮ ಡೇರೆ ಅಷ್ಟು ಕಾಲ ಬಾಳಬೇಕಾಗಿಲ್ಲ. ಹತ್ತು ಕೊಯ್ಲು ಬಂದರೆ ಸಾಕು.

ಸಣ್ಣ ಹಿಡುವಳಿಯವರು ಒಬ್ಬೊಬ್ಬರೇ 20 ಗಜ ಬಟ್ಟೆ ಕೊಳ್ಳುವುದಕ್ಕಿಂತ ನಾಲ್ಕೈದು ಮನೆಯವರು ಕೂಡಿ ಇಡೀ ಥಾನು ತಂದು, ಮಳೆಗಾಲದ ಬಿಡುವಿನಲ್ಲಿ ಒಂದೇ ಜಗಲಿಯಲ್ಲಿ ಕುಳಿತು ಹೊಲಿದರೆ ಖರ್ಚೂ ಹಗುರ, ಕೈಯೂ ಹಗುರ. ಕಳೆದ ಡಿಸೆಂಬರಿನಲ್ಲಿ ನಮ್ಮ ಕಾವಲಿನವನನ್ನು, "ಹೇಗಿದೆ ಮಾರಾಯ ಹೊಸ ಮನೆ?" ಎಂದು ವಿಚಾರಿಸಿದೆವು. "ಮಂಜು ಹೊರಗೇ ನಿಲ್ತದೆ ಅಯ್ಯಾ, ಬೆಳಿಗ್ಗೆ ಕಂಬಳಿ ಒಣಗಿಸೋ ಕೆಲ್ಸ ಇಲ್ಲ" ಎಂದ. ವರ್ಷದ ದುಡಿಮೆಯನ್ನೆಲ್ಲ ಒಬ್ಬನ ಕಾವಲಿಗೆ ಬಿಟ್ಟು ನಾವು ಮನೆಯಲ್ಲಿ ಬೆಚ್ಚಗೆ ಮಲಗುತ್ತೇವೆ. ಅವನಿಗೂ ಒಂದು ಒಣಗಿದ ಕಂಬಳಿಯ ನಿದ್ದೆ ಸಿಗುವಂತೆ ಮಾಡುವುದು ಬೆಳೆಗಾರರಾದ ನಮ್ಮ ಕರ್ತವ್ಯ. ಮುಂದಿನ ಕೊಯ್ಲಿನ ಹೊತ್ತಿಗೆ ಸದಸ್ಯ ಬಾಂಧವರ ಕಣಗಳಲ್ಲಿ ಇಂಥ ಡೇರೆಗಳು ಏಳಲಿ ಎಂದು ಆಶಿಸುತ್ತೇವೆ.