ಫಿಲ್ಟರ್ ಗುಂಡಿಯ ಹಿಂದೆ ಒಬ್ಬ ಗ್ರಂಥಪಾಲಕ

ಗೌರಿ ಹಬ್ಬಕ್ಕೆ ಸೀರೆ ಬೇಕು. ಎಂಥದ್ದು ಅಂತ ಗೊತ್ತಿಲ್ಲ. ಮೊಬೈಲಿನಲ್ಲಿ ‘ರೇಷ್ಮೆ’ ಒತ್ತುತ್ತೀರಿ, ‘ಹಸಿರು’ ಒತ್ತುತ್ತೀರಿ, ‘ಐದು ಸಾವಿರದೊಳಗೆ’ ಅನ್ನುತ್ತೀರಿ. ಸೀರೆಗಳ ರಾಶಿ ಕರಗಿ ಒಂದು ಹಿಡಿ ಉಳಿಯುತ್ತದೆ. ಈ ಉಪಾಯ ಅಂಗಡಿಯಲ್ಲಿ ಹುಟ್ಟಿದ್ದಲ್ಲ, ಗ್ರಂಥಾಲಯದಲ್ಲಿ ಹುಟ್ಟಿದ್ದು. ಆದರೂ ಅಂಗಡಿಯೊಂದರ ಋಣ ಅದಕ್ಕಿದೆ.

1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಗಣಿತದ ಮೇಷ್ಟ್ರು ಎಸ್. ಆರ್. ರಂಗನಾಥನ್, ತರಬೇತಿಗೆಂದು ಲಂಡನ್ನಿಗೆ ಹೋದರು. ಆಗ ಪುಸ್ತಕ ವಿಂಗಡಣೆಯಲ್ಲಿ ಮೆಲ್ವಿಲ್ ಡ್ಯೂಯಿಯ 1876ರ ಪದ್ಧತಿಯದೇ ಕಾರುಬಾರು. ಅದರಲ್ಲಿ ಜ್ಞಾನವೆಲ್ಲ ಒಂದೇ ಮರ, ಪ್ರತಿ ಪುಸ್ತಕಕ್ಕೂ ಒಂದು ಕೊಂಬೆ. ಭಾರತದ ಭತ್ತದ ರೋಗದ ಪುಸ್ತಕವನ್ನು ಭತ್ತದಲ್ಲಿಡಬೇಕೋ, ರೋಗದಲ್ಲೋ, ಭಾರತದಲ್ಲೋ? ಲಂಡನ್ನಿನ ಸೆಲ್ಫ್‌ರಿಡ್ಜಸ್ ಅಂಗಡಿಯಲ್ಲಿ ಮೆಕ್ಯಾನೊ ಆಟಿಕೆ ತೋರಿಸುತ್ತಿದ್ದರು: ಅವೇ ಪಟ್ಟಿ, ಅವೇ ಬೋಲ್ಟು, ಜೋಡಿಸಿದಂತೆಲ್ಲ ಬೇರೆ ಆಟಿಕೆ. ಅದನ್ನು ಕಂಡ ರಂಗನಾಥನ್ ಅವರಿಗೆ ದಾರಿ ಹೊಳೆಯಿತು. 1933ರಲ್ಲಿ ‘ಕೋಲನ್ ವರ್ಗೀಕರಣ’ ಅಚ್ಚಾಯಿತು. ಒಂದು ವಿಷಯಕ್ಕೆ ಹಲವು ಮುಖಗಳು. ಒಂದೊಂದನ್ನೂ ಬೇರೆಬೇರೆಯಾಗಿ ಗುರುತಿಸಿ, ಆಮೇಲೆ ಪೋಣಿಸುವುದು. ಮುಂದೆ ಆ ಮುಖಗಳನ್ನು ಐದಕ್ಕೆ ಇಳಿಸಿದರು: ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ.

ಕಪಾಟಿನ ಮುಂದೆ ನಿಂತವರಿಗೆ ಹೀಗೆ ಪೋಣಿಸಿ ಪುಸ್ತಕಕ್ಕೆ ಕೊಟ್ಟ ಸಂಖ್ಯೆಗಳು ಕಬ್ಬಿಣದ ಕಡಲೆ. 1962ರಲ್ಲಿ ಬೆಂಗಳೂರಿನಲ್ಲಿ ರಂಗನಾಥನ್ ಅವರೇ ಕಟ್ಟಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ (ಡಿಆರ್‌ಟಿಸಿ) ಈ ವಿದ್ಯೆಯನ್ನು ಬೆಳೆಸಿತಾದರೂ, ಓದುಗರ ಬೆರಳಿಗೆ ಅದು ಸಿಕ್ಕಿದ್ದು ಕಂಪ್ಯೂಟರ್ ಪರದೆ ಬಂದ ಮೇಲೆ.

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮಾರ್ಟಿ ಹರ್ಸ್ಟ್ ಅವರ ತಂಡ ‘ಫ್ಲಮೆಂಕೊ’ ಎಂಬ ಶೋಧ ಪರದೆ ರೂಪಿಸಿತು. ಸುಮಾರು 35,000 ಕಲಾಚಿತ್ರಗಳನ್ನು ಅದಕ್ಕೆ ತುಂಬಿ, ಕಲಾ ಇತಿಹಾಸದ ವಿದ್ಯಾರ್ಥಿಗಳ ಕೈಗೆ ಕೊಟ್ಟು ನೋಡಿದರು. ಸ್ಥಳ, ಕಾಲ, ಮಾಧ್ಯಮಗಳ ಪಟ್ಟಿ; ಪ್ರತಿ ಹೆಸರಿನ ಪಕ್ಕ ಎಷ್ಟು ಚಿತ್ರಗಳಿವೆ ಎಂಬ ಅಂಕಿ. ನನ್ನ ಮಟ್ಟಿಗೆ ಜಾಣತನವೆಲ್ಲ ಆ ಪುಟ್ಟ ಅಂಕಿಯಲ್ಲೇ ಇದೆ: ಒತ್ತುವ ಮೊದಲೇ ಒಳಗೇನಿದೆ ಎಂದು ಗೊತ್ತು, ‘ಏನೂ ಸಿಗಲಿಲ್ಲ’ ಎನ್ನಿಸಿಕೊಂಡು ಬರಿಗೈಯಲ್ಲಿ ಮರಳುವ ಪ್ರಸಂಗವಿಲ್ಲ. 2003ರಲ್ಲಿ ಪ್ರಕಟವಾದ ಫಲಿತಾಂಶ ತಮಾಷೆಯದು. ಬರೀ ಹುಡುಕು ಪೆಟ್ಟಿಗೆಯಿದ್ದ ಪರದೆಗಿಂತ ಇದು ಎಷ್ಟೋ ಪಟ್ಟು ನಿಧಾನ. ಆದರೂ ಹೆಚ್ಚಿನವರು ಇದನ್ನೇ ಮೆಚ್ಚಿದರು.

ಪೆಟ್ಟಿಗೆಯಲ್ಲಿ ಟೈಪಿಸಬೇಕಾದರೆ ಬೇಕಾದದ್ದರ ಹೆಸರು ಗೊತ್ತಿರಬೇಕು. ಪಟ್ಟಿಯಲ್ಲಿ ಕಂಡದ್ದನ್ನು ಗುರುತಿಸಿದರೆ ಸಾಕು. ಆದರೆ ಆ ಪಟ್ಟಿಗೆ ಮೊದಲು ಯಾರಾದರೂ ಕೂತು ಒಂದೊಂದಕ್ಕೂ ಚೀಟಿ ಅಂಟಿಸಿರಬೇಕು, ಥೇಟ್ ಹಳೆಯ ಗ್ರಂಥಪಾಲಕರ ಹಾಗೆ. ಪಾಚಿ ಬಣ್ಣದ ಸೀರೆಗೆ ಅಂಗಡಿಯವರು ‘ಬೂದು’ ಎಂದು ಬರೆದಿಟ್ಟರೆ, ನೀವು ಎಷ್ಟು ಸಲ ‘ಹಸಿರು’ ಒತ್ತಿದರೂ ಅದು ಕಣ್ಣಿಗೆ ಬೀಳುವುದಿಲ್ಲ.